ತೋಳು

ಮತ್ರಾದ ಸೂಕಿನಲ್ಲಿ ಅಕ್ಟೋಬರ್ ಬಂತೆಂದು
ನನಗೆ ಹೇಳುವುದು ಕ್ಯಾಲೆಂಡರಲ್ಲ, ಕೆಮ್ಮು.
ಮೊದಲು ಲೋಬಾನ ಮಾರುವವನ ಅಂಗಡಿಯಲ್ಲಿ,
ಆಮೇಲೆ ಬೆಳ್ಳಿಯವನಲ್ಲಿ,
ಆಮೇಲೆ ನಮ್ಮದೇ ಇಸ್ತ್ರಿಯ ಶಫೀಕುಲ್.
ಏಸಿ ನಿಲ್ಲಿಸಿದರೂ ಬಟ್ಟೆಯ ಮೇಲೆ ಬೆವರು ಹನಿಯದ ವಾರ ಅದು.

ದೊಡ್ಡವರಿಗೂ ಲಸಿಕೆ ಉಂಟೆಂದು
ಇಲ್ಲಿಗೆ ಬಂದ ಮೇಲೆಯೇ ತಿಳಿದದ್ದು.
ನಮ್ಮಲ್ಲಿ ಅದು ಮಗುವಿಗೆ, ದನಕ್ಕೆ,
ನಾಯಿ ಕಚ್ಚಿದವನಿಗೆ.
ಎಡತೋಳಲ್ಲಿ ಹಳೆಯದೊಂದು ಕಲೆ ಉಂಟು ನನಗೆ,
ಕಾಜಾ ಇಲ್ಲದ ಗುಂಡಿಯ ಹಾಗೆ.
ಜನ್ಮಕ್ಕೆ ಅದೊಂದು ಸಾಕು ಅಂದುಕೊಂಡಿದ್ದೆ.

ಬೇಡ ಮಾರಾಯ, ಎಂದ ಮೊಯ್ದಿನಬ್ಬ, ಕತ್ತರಿಯಿಂದ ಕಣ್ಣೆತ್ತದೆ.
ಇಲ್ಲದ ಜ್ವರವನ್ನು ದುಡ್ಡು ಕೊಟ್ಟು ತರುವುದು ಎಂಥ ವ್ಯಾಪಾರ?
ಎಂಟು ರಿಯಾಲ್. ಲೆಕ್ಕ ಹಾಕಿದೆ:
ಎರಡು ದಿಶ್‌ದಾಶಾದ ಹೊಲಿಗೆ, ಕುತ್ತಿಗೆಯ ಕುಚ್ಚು ಸಮೇತ.
ಹಿಂದಿನ ವರ್ಷದ ಲೆಕ್ಕ ಬೇರೆ ಇತ್ತು.
ಹನ್ನೊಂದು ದಿನ ಹಾಸಿಗೆ,
ರಾಷ್ಟ್ರೀಯ ದಿನಕ್ಕೆಂದು ಕೊಟ್ಟ ಬಟ್ಟೆ ಹಾಗೇ ವಾಪಸು.
ಎದುರಂಗಡಿಗೆ ಹೋದ ಗಿರಾಕಿಗಳು ಈಗಲೂ ಅಲ್ಲೇ.

ರುವಿಗೆ ಹೋದೆ, ಗುರುವಾರ ಸಂಜೆ.
ಜ್ವರ ಬರುವುದಾದರೆ ಶುಕ್ರವಾರ ಬರಲಿ, ಸಂಬಳಕ್ಕೆ ಕೈ ಹಾಕದಿರಲಿ.
ನರ್ಸ್ ಮಾರಿಸೆಲ್ ಕೇಳಿದಳು, ಯಾವ ಕೈ?
ಬಲಗೈ ಕತ್ತರಿಯದು.
ಎಡಗೈ ಬಟ್ಟೆ ನಡೆಸುವುದು; ಅದು ತಪ್ಪಿದರೆ ಹೊಲಿಗೆ ಹಾವು.
ಹಿಂದೆ ಕಾಯುವವರು ಕೆಮ್ಮಿದರು. ಎಡ, ಎಂದೆ.
ದಿನಕ್ಕೆ ಸಾವಿರಗಟ್ಟಲೆ ಸಲ ಸೂಜಿ ಇಳಿಯುವುದನ್ನು ನೋಡುವವನು
ಈ ಒಂದಕ್ಕೆ ಗೋಡೆಯ ಕಡೆ ತಿರುಗಿದೆ.

ಪ್ರತಿ ವರ್ಷ ಏಕೆ? ಎಂದೆ.
ರೋಗ ಬದಲಾಗ್ತದೆ, ಹೋದ ವರ್ಷದ್ದು ಈ ವರ್ಷಕ್ಕೆ ಕೂರುವುದಿಲ್ಲ, ಎಂದಳು.
ಅಷ್ಟು ಸಾಕಾಯಿತು ನನಗೆ.
ಸೂರ್‌ನಿಂದ ಫೋನಿನಲ್ಲೇ ಆರ್ಡರ್ ಕೊಡುವವರುಂಟು,
ಮುಖ ತೋರಿಸದವರು; ಅವರಿಗೆ ನಾವು
ಹಳೆಯ ಅಳತೆಯ ಮೇಲೆ ಅಂದಾಜಿಗೆ ಕತ್ತರಿಸುವುದಿಲ್ಲವೇ?
ಕೆಲವೊಮ್ಮೆ ಕೂರುತ್ತದೆ. ಕೆಲವೊಮ್ಮೆ ಭುಜ ಬಿಗಿ.
ಬರಿಮೈಗಿಂತ ಮೇಲು.

ರಾತ್ರಿ ಒಂದೂವರೆಗೆ ಚಳಿ.
ಕಂಬಳಿ ಸಾಲದೆ ಗಿರಾಕಿಯ ಉಣ್ಣೆಯ ತಾನು ಬಿಚ್ಚಿ ಹೊದ್ದೆ,
ಮೀಟರಿಗೆ ಹನ್ನೆರಡು ರಿಯಾಲಿನದು. ಯಾರಿಗೂ ಹೇಳಬೇಡಿ.
ಬೆಳಿಗ್ಗೆ ತೋಳು ಕಲ್ಲು.
ಅಂಗಿ ತೊಡುವಾಗ ಮೊದಲ ಸಲ ಗೊತ್ತಾಯಿತು,
ಮೂವತ್ತು ವರ್ಷ ನಾನು ಹೊಲಿದ ತೋಳುಗಳು
ಎಷ್ಟು ಇಕ್ಕಟ್ಟೆಂದು.

ಟೇಪು ಸುತ್ತಿ ನೋಡಿದೆ. ಅರ್ಧ ಇಂಚು ಹೆಚ್ಚು.
ಅಳತೆ ಪುಸ್ತಕದಲ್ಲಿ, ಗಿರಾಕಿಗಳ ನಡುವೆ, ಬರೆದುಕೊಂಡೆ:
ವಾಮನ, ಸ್ವಂತ. ಎಡ. ಅರ್ಧ.
ಮರುವರ್ಷ ಕಾಲು ಇಂಚು, ಜ್ವರವಿಲ್ಲ.
ಒಂದು ವರ್ಷ ಏನೂ ಇಲ್ಲ; ಬರಿ ನೀರು ಕೊಟ್ಟರೋ ಎಂಬ ಸಂಶಯ.
ಒಂದು ವರ್ಷ ಚುಚ್ಚಿಸಿಕೊಂಡೂ ಜನವರಿಯಲ್ಲಿ ಮಲಗಿದೆ, ಮೂರು ದಿನ.
ಮೊಯ್ದಿನಬ್ಬ ಇಡೀ ಗಲ್ಲಿಗೆ ಸುಲೈಮಾನಿ ಕುಡಿಸಿದ.
ಮೂರಕ್ಕೂ ಹನ್ನೊಂದಕ್ಕೂ ಇರುವ ವ್ಯತ್ಯಾಸ
ಅವನಿಗೆ ಹೇಳಲು ಹೋಗಲಿಲ್ಲ.
ಗಂಟಲಿರಲಿಲ್ಲ.

ಈ ವರ್ಷ ಶುಕ್ರವಾರ ನಮಾಜು ಮುಗಿಸಿ ಬಂದವನು
ನನಗೆ ಗಂಜಿ ಇಟ್ಟ,
ನನ್ನ ಕೈಗಾಗದ ಉಪ್ಪಿನಕಾಯಿಯ ಮುಚ್ಚಳ ತಿರುಗಿಸಿಕೊಟ್ಟ,
ಹೋಗದೆ ಕೂತ.
ಮಗಳಿಗೆ ದಿನ ತುಂಬುವುದು ಡಿಸೆಂಬರಿನಲ್ಲಂತೆ.
ಟಿಕೆಟ್ ಆಗಿದೆಯಂತೆ.
ಎಳೆ ಮಗುವನ್ನು ಮುಟ್ಟುವ ಮೊದಲು ಇದು ಹಾಕಿಸಿಕೊಂಡು ಬಾ
ಎಂದಿದ್ದಾಳಂತೆ ಅವಳು, ಫೋನಿನಲ್ಲಿ, ಜೋರಾಗಿ.
ನೋಯ್ತದಾ? ಎಂದ.
ಒತ್ತಿದರೆ, ಎಂದೆ.
ಒತ್ತಿದ.

ಪುಸ್ತಕದ ಮುಂದಿನ ಗೆರೆ ಖಾಲಿ ಉಂಟು.
ಟೇಪು ತೆಗೆದು ಸುಮ್ಮನೆ ಅವನ ಎಡತೋಳಿಗೆ ಸುತ್ತಿದೆ:
ಹದಿಮೂರೂಕಾಲು, ಊದುವ ಮೊದಲಿನದು.
ಕೈ ಎಳೆದುಕೊಳ್ಳಲಿಲ್ಲ.